ಆರು ಟೋಪಿಯ ಚಂದ್ರಾಮ

ಚಂದ್ರಾಮ ರಗ್ಬಿಯವ ಅಂದರೆ ಹೈದರಾಬಾದಿನ ಮೆಹದಿಪಟ್ಟಣಂ ಕೂಲಿ ಅಡ್ಡಾದ ಮಂದಿ ಮರ್ಯಾದೆಯಿಂದ ತಲೆಯಾಡಿಸಿ, ಕೋಠಿ ಬಜಾರಿನಲ್ಲಿ ಯಾವ ಅಂಗಡಿ ಅಂತ ಕೇಳುತ್ತಿದ್ದರು. ರಗ್ಗು ಮಾರುವ ಕೆಲಸ ಅಂತ ಅವರ ಅಂದಾಜು. ದೇಶದ ಪರವಾಗಿ ಆರು ಸಲ ಆಡಿದವನು ಅಂತ ಬಿಡಿಸಿ ಹೇಳಿದರೆ ಮರ್ಯಾದೆ ಕಡಿಮೆಯಾಗುತ್ತಿತ್ತು. ಆಟ ಆಡುವವನಿಗಿಂತ ರಗ್ಗು ಮಾರುವವ ಮೇಲು ಎಂಬುದು ಅಡ್ಡಾದ ತೀರ್ಮಾನ. ಕಡೆಗೆ ನೋಡಿದರೆ ಅಡ್ಡಾದವರದೇ ಸರಿಯಿತ್ತು.

ಅವನ ತಾಯಿ ಗದಿಗೆಮ್ಮ ಯಾದಗಿರಿ ಕಡೆಯಿಂದ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಹೈದರಾಬಾದಿಗೆ ಬಂದವಳು. ಮಾಧಾಪುರದ ಬಂಡೆ ಒಡೆದು ಕಂಪ್ಯೂಟರ್ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುವ ಭರಾಟೆ ಶುರುವಾದಾಗ ತಾಯಿ, ಮಗ ಇಬ್ಬರೂ ಅಲ್ಲೇ ಸ್ಲ್ಯಾಬ್ ಕೆಲಸಕ್ಕೆ ನಿಂತರು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ತುಂಬಿದ ಬಾಣಲಿ ಕೈಯಿಂದ ಕೈಗೆ ಮೇಲೇರಬೇಕು, ಖಾಲಿ ಬಾಣಲಿ ಅದೇ ಸಾಲಿನಲ್ಲಿ ಹಿಂದಕ್ಕೆ ಬರಬೇಕು. ಚಂದ್ರಾಮ ತುಂಬಿದ್ದನ್ನು ಮುಂದೆ ದಾಟಿಸಿ, ಖಾಲಿಯದನ್ನು ತಿರುಗಿ ನೋಡದೆ ಹಿಂದಕ್ಕೆ ತೂರುತ್ತಿದ್ದ. ಅದು ನೇರ ಗದಿಗೆಮ್ಮನ ಕೈಗೇ ಬೀಳುತ್ತಿತ್ತು.

ಇದನ್ನು ನೋಡಿದವನು ಕಟ್ಟಡಕ್ಕೆ ಲಿಫ್ಟು ಕೂರಿಸಲು ಬಂದಿದ್ದ ನ್ಯೂಜಿಲೆಂಡ್ ಸಾಹೇಬ. ಕರಿದ ಹಪ್ಪಳದ ಹಾಗೆ ಮುರುಟಿದ ಕಿವಿ. ಅದು ರಗ್ಬಿ ಆಡಿ ಆದದ್ದು, ಅದೇ ಅವನ ಹೆಮ್ಮೆ. ಆ ಆಟದಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದೆ ಓಡಿ ಬರುವವನಿಗೇ ಕೊಡಬೇಕು. ಭಾನುವಾರ ಭಾನುವಾರ ಕಾಲೇಜು ಹುಡುಗರಿಗೆ ಇದನ್ನು ಕಲಿಸುವಷ್ಟರಲ್ಲಿ ಸಾಹೇಬನ ಗಂಟಲು ಹರಿದಿತ್ತು. ಚಂದ್ರಾಮ ಸಿಮೆಂಟಿನಲ್ಲೇ ಕಲಿತು ಬಂದಿದ್ದ. ಆ ಹುಡುಗರ ಜೊತೆಗಿನ ಆಟದಿಂದ ಶುರುವಾಗಿ, ಎರಡೇ ವರ್ಷಕ್ಕೆ ಅವನು ಭಾರತದ ತಂಡದೊಡನೆ ಕೊಲಂಬೊದಲ್ಲಿದ್ದ.

ಮೊದಲ ಮ್ಯಾಚು ಮುಗಿದ ಮೇಲೆ ಅವನ ತಲೆಗೆ ಒಂದು ಟೋಪಿ ಇಟ್ಟರು. ನೀಲಿ ಮಖಮಲ್ಲು, ಒಳಗೆ ದಪ್ಪ ಅಸ್ತರು, ಮೇಲೆ ಜರಿಯ ಗೊಂಡೆ. ಮನೆಗೆ ತಂದಾಗ ಗದಿಗೆಮ್ಮ ಒಳಗು ಹೊರಗು ಮಾಡಿ ಪರೀಕ್ಷಿಸಿದಳು. ಬಿಸಿಲಿಗೆ ಅಂಚಿಲ್ಲ, ಚಳಿಗೆ ಕಿವಿ ಮುಚ್ಚುವುದಿಲ್ಲ, ಇದೆಂಥ ಟೋಪಿ ಅಂದಳು. ಆದರೆ ಅಸ್ತರು ಮೆತ್ತಗಿತ್ತು. ಗೊಂಡೆ ಕಿತ್ತು, ಬಾಣಲಿಯ ಕೆಳಗೆ ತಲೆಗೆ ಸಿಂಬಿ ಮಾಡಿಕೊಂಡಳು. ಬಟ್ಟೆಯ ಸಿಂಬಿಗಿಂತ ಇದು ಒಳ್ಳೆಯದು ಅಂತ ಸಾಲಿನ ಹೆಂಗಸರೆಲ್ಲ ಒಪ್ಪಿದರು.

ಆಮೇಲಿನ ಐದು ಮ್ಯಾಚಿಗೆ ಟೋಪಿ ಬರಲಿಲ್ಲ. ಸ್ಟಾಕು ಮುಗಿದಿರಬೇಕು ಅಂದುಕೊಂಡು ಚಂದ್ರಾಮ ಸುಮ್ಮನಾದ. ಕೇಳುವುದಕ್ಕೆ ಸಂಕೋಚ. ಆರನೆಯದು ಬ್ಯಾಂಕಾಕಿನಲ್ಲಿ. ಇಬ್ಬರು ಧಡಿಯರು ಅವನ ಮೇಲೆ ಬಿದ್ದು ಬಲಭುಜ ಮುರಿಯಿತು. ಭುಜ ಕೂಡಿತು, ಬಾಣಲಿ ಎತ್ತುವ ಶಕ್ತಿ ಮಾತ್ರ ಮರಳಲಿಲ್ಲ.

ಸಾಹೇಬ ಊರಿಗೆ ಹೊರಡುವ ಮುಂಚೆ ಒಂದು ದಾರಿ ತೋರಿಸಿ ಹೋದ. ತಾಯಿ, ಮಗ ಕೂಡಿ ಕಟ್ಟಿದ ಆ ಕಟ್ಟಡಕ್ಕೆ ಬಂದ ಕಂಪನಿಯಲ್ಲಿ ಆಟಗಾರರ ಕೋಟಾದಲ್ಲಿ ಒಂದು ಪರ್ಮನೆಂಟ್ ನೌಕರಿ ಇತ್ತು. ಭುಜ ಹೋದ ಕೂಲಿಯವನಿಗೆ ಬದುಕಲು ಅದೊಂದೇ ಬಾಗಿಲು.

ಸಂದರ್ಶನ ಮಾಡಿದವಳು ನಳಿನಿ, ಹಿಮಾಯತ್‌ನಗರದವಳು. ಅವಳ ಅಜ್ಜ ಕಲಬುರ್ಗಿಯಿಂದ ನಿಜಾಮರ ಕಚೇರಿಗೆ ಬಂದು ನೆಲೆಸಿದವರು. ಮನೆಯ ಕನ್ನಡವನ್ನು ಅವಳು ಚಪ್ಪಲಿ ಬಿಡುವ ಜಾಗದಲ್ಲೇ ಬಿಟ್ಟು ಆಫೀಸಿಗೆ ಬರುತ್ತಿದ್ದಳು. ಚಂದ್ರಾಮನೂ ಅಷ್ಟೇ, ಕನ್ನಡ ಬಾಯಿಗೆ ಬಂದರೆ ಲೇಬರ್ ಅನ್ನುತ್ತಾರೆಂದು ಹಿಂದಿಯಲ್ಲೇ ನಿಭಾಯಿಸುವವ. ಫಾರಂ ನೋಡುತ್ತ ನಳಿನಿ ಕ್ಯಾಪ್ ಎಷ್ಟು ಅಂತ ಹಿಂದಿಯಲ್ಲಿ ಕೇಳಿದಳು:

"ಕ್ಯಾಪ್ ಕಿತ್ನೇ ಹೈ?"

ಚಂದ್ರಾಮನಿಗೆ ಅವ್ವನ ಸಿಂಬಿ ನೆನಪಾಯಿತು. ತೋರಿಸು ಅಂದರೆ? ಗೊಂಡೆ ಇಲ್ಲ, ಸಿಮೆಂಟು ಮೆತ್ತಿದೆ.

"ಏಕಿಚ್ ಹೈ ಮೇಡಂ."

ಸರಿಯಾಗಿ ನೆನಪು ಮಾಡಿಕೋ ಅಂತ ಅವಳು ಎರಡು ಸಲ ಹೇಳಿದಳು. ಇವನು ಎರಡು ಸಲವೂ ಅವ್ವನ ಆಣೆ ಹಾಕಿ ಒಂದೇ ಅಂದ. ನಿಯಮದ ಪ್ರಕಾರ ಐದು ಬೇಕಿತ್ತು. ಇಷ್ಟು ಗಟ್ಟಿಯಾಗಿ ಪ್ರಾಮಾಣಿಕನಾದವನಿಗೆ ಯಾರು ತಾನೇ ಏನು ಮಾಡಲಾದೀತು? ಅವಳು ಒಂದು ಅಂತ ಬರೆದಳು.

ನೌಕರಿ ಯಾವನೋ ಟೇಬಲ್ ಟೆನಿಸ್‌ನವನಿಗೆ ಹೋಯಿತು. ಚಂದ್ರಾಮ ಒಂದು ಸೆಕ್ಯುರಿಟಿ ಏಜೆನ್ಸಿಗೆ ಸೇರಿ, ಅದೇ ಕಟ್ಟಡದ ಗೇಟಿಗೆ ನಿಂತ. ತಾನೇ ಸ್ಲ್ಯಾಬ್ ಹಾಕಿದ ಮಾಳಿಗೆಗೆ ಹೋಗುವವರ ಬಿಲ್ಲೆ ನೋಡುವ ಕೆಲಸ. ಅವನಿಗೆ ಒಳಗೆ ಹೋಗುವ ಬಿಲ್ಲೆ ಇರಲಿಲ್ಲ.

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ನಳಿನಿ ಗೇಟಿನ ಬಳಿ ಆಟೋ ಕಾಯುತ್ತ ಫೋನಿನಲ್ಲಿ ತಾಯಿಗೆ ಗುಳಿಗೆ ತಗೊಂಡಿಯೇನು ಅಂತ ಕೇಳುತ್ತಿದ್ದಳು, ಅಪ್ಪಟ ಕಲಬುರ್ಗಿ ಮಾತಿನಲ್ಲಿ. ಫೋನು ಇಟ್ಟ ಮೇಲೆ ಚಂದ್ರಾಮ ತಡೆಯದೆ, ನೀವು ನಮ್ಮ ಕಡೆಯವರೇನ್ರಿ ಅಂದ. ಅವಳಿಗೂ ಗುರುತು ಹತ್ತಿತು. ಅಷ್ಟು ಚಲೋ ಆಡುತ್ತಿದ್ದವನು ಒಂದೇ ಮ್ಯಾಚಿಗೆ ಯಾಕೆ ಬಿಟ್ಟೆ ಅಂತ ಕೇಳಿದಳು.

"ಒಂದಲ್ರಿ, ಆರು ಆಡೀನಿ."

"ಅವತ್ತು ಒಂದೇ ಅಂದಿದ್ದೆಲ್ಲ?"

"ಅದು ಟೋಪಿರಿ. ಟೋಪಿ ಒಂದೇ ಕೊಟ್ಟಿದ್ರು."

"ಮ್ಯಾಚಿಗೇ ಕ್ಯಾಪ್ ಅಂತಾರಪ್ಪಾ. ಟೋಪಿ ಕೊಡಲಿ, ಬಿಡಲಿ."

"ಕನ್ನಡದಾಗ ಕೇಳಬೇಕಿತ್ರಿ ನೀವು."

"ನೀ ಕನ್ನಡದಾಗ ಹೇಳಬೇಕಿತ್ತು."

ಈಗೇನಾದರೂ ಆದೀತೇ ಅಂತ ಅವನು ಕೇಳುವ ಮೊದಲೇ, ಆ ಕೋಟಾ ಹೋದ ವರ್ಷವೇ ತೆಗೆದುಹಾಕಿದರು ಅಂದಳು. ಆಟೋ ಬಂತು. ಮರುದಿನದಿಂದ ಅವಳು ಗೇಟು ತಪ್ಪಿಸಿ, ನೆಲಮಾಳಿಗೆಯ ದಾರಿಯಿಂದ ನೇರ ಲಿಫ್ಟು ಹತ್ತತೊಡಗಿದಳು.

ಮನೆಯಲ್ಲಿ ಗದಿಗೆಮ್ಮ ಕೇಳಿಸಿಕೊಂಡು, ಸವೆದು ನಾರಾಗಿದ್ದ ಸಿಂಬಿಯನ್ನು ಮಗನ ಮುಂದೆ ಇಟ್ಟಳು.

"ಟೋಪಿ ಹಾಕೋ ಮಂದಿನ್ನ ಭಾಳ ನೋಡೀನಿ," ಅಂದಳು. "ಟೋಪಿ ಕೊಡದಾನೇ ಹಾಕ್ಯಾರಲ್ಲೋ ನಿನಗ."

ಚಂದ್ರಾಮ ನಗಲಿಲ್ಲ. ಸಿಂಬಿಯನ್ನು ಒಮ್ಮೆ ಮುಟ್ಟಿ ನೋಡಿ ತಾಯಿಗೇ ಕೊಟ್ಟ. ಅವಳಿಗೆ ನಾಳೆ ಸ್ಲ್ಯಾಬ್ ಇತ್ತು.

ತಿಂಗಳ ಕೊನೆಗೆ ಏಜೆನ್ಸಿಯ ಸೂಪರ್‌ವೈಸರ್ ಸಾಮಾನು ಪಟ್ಟಿ ಹಿಡಿದು ಗೇಟಿಗೆ ಬಂದ. ಬಿಹಾರದವ, ಹಿಂದಿ ಬಿಟ್ಟರೆ ಬೇರೆ ಗೊತ್ತಿಲ್ಲ. ಬೂಟು ಕೇಳಿದ, ಬೆಲ್ಟು ಕೇಳಿದ, ಸೀಟಿ ಕೇಳಿದ. ಕ್ಯಾಪ್ ಕಿತ್ನೇ, ಅಂದ.

"ಛೇ," ಅಂದ ಚಂದ್ರಾಮ.

ಸೂಪರ್‌ವೈಸರ್ ನಕ್ಕು, ಅವನ ತಲೆಯ ಮೇಲಿದ್ದ ಟೋಪಿ ನೋಡಿ, ಒಂದು ಅಂತಲೇ ಬರೆದುಕೊಂಡ. ಅವನ ಹಿಂದಿ ಕಿವಿಗೆ ಅದು ಆರು ಅಂತ ಕೇಳಿಸಿತ್ತು. ಕನ್ನಡದವರಾದರೆ ಬೇರೆ ಏನೋ ಕೇಳಿಸಿಕೊಳ್ಳುತ್ತಿದ್ದರು. ಗೇಟಿನ ಹತ್ತಿರ ಕನ್ನಡದವರು ಯಾರೂ ಇರಲಿಲ್ಲ.