ಯಾವ ಪುಟದಲ್ಲೂ ಇಲ್ಲದ ಮಾತು

ಕೆಂಪು ಬಟ್ಟೆಯ ಗಂಟು ಬಿಚ್ಚಿದೊಡನೆ ವಿಭೂತಿಯ ವಾಸನೆ ಬಂತು. ಗಡಿಯಾಚೆಯ ಉಮರ್ಗಾದಲ್ಲಿ ನನ್ನ ತವರಿನ ಪಕ್ಕದ ಮನೆಯಲ್ಲಿದ್ದ ಪುರಾಣದ ಪುಸ್ತಕ. ಆ ಮನೆಯ ಮೊಮ್ಮಕ್ಕಳೆಲ್ಲ ಮರಾಠಿ ಶಾಲೆಯವರು, ಕನ್ನಡ ಅಕ್ಷರ ಯಾರಿಗೂ ಬಾರದು. ರದ್ದಿಗೆ ಹಾಕುವ ಬದಲು ನನಗೆ ಕಳಿಸಿದ್ದರು. ಅಮ್ಮನೋರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹೀಗೆ…

ಆ ಮನೆಯಲ್ಲಿ ಪುರಾಣ ಹೇಳುತ್ತಿದ್ದ ಅಯ್ಯನೋರ ಹೆಂಡತಿಯನ್ನು ಓಣಿಯೆಲ್ಲ ಅಮ್ಮನೋರು ಎನ್ನುತ್ತಿತ್ತು. ಶ್ರಾವಣದ ಸೋಮವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಪುರಾಣ. ಅಯ್ಯನೋರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೇ ಅಮ್ಮನೋರು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಮೆಲ್ಲಗೆ ಒಂದೊಂದು ಸಾಲು ಓದುತ್ತಿದ್ದರು. ಅಯ್ಯನೋರು ಅದನ್ನೇ ದೊಡ್ಡ ದನಿಯಲ್ಲಿ ರಾಗವಾಗಿ ಹೇಳುತ್ತಿದ್ದರು. ಜನ ಕೈಮುಗಿಯುತ್ತಿದ್ದದ್ದು ಅಯ್ಯನೋರಿಗೆ.

ಆ ವರ್ಷ ನಾನು ಹತ್ತನೆಯ ತರಗತಿ. ಅಪ್ಪ ತುರೋರಿ ಊರಿನ ಮನೆತನಕ್ಕೆ ಮಾತು ಕೊಟ್ಟುಬಿಟ್ಟಿದ್ದ, ದೀಪಾವಳಿ ಆದ ಕೂಡಲೇ ಮದುವೆ. ಶಾಲೆ ಬಿಡಲಾರೆ ಎಂದು ಅಮ್ಮನೋರ ಒಲೆಯ ಮುಂದೆ ಕೂತು ಅತ್ತೆ. ಅವರು ರೊಟ್ಟಿ ಬಡಿಯುತ್ತಲೇ ಇದ್ದರು. ನನಗೆ ಸಿಟ್ಟು ಬಂತು.

ಮುಂದಿನ ಸೋಮವಾರ ಒಬ್ಬ ಸಾವುಕಾರನ ಮಗಳ ಕಥೆ ಬಂತು. ಪ್ರತಿ ವರ್ಷ ಕೇಳಿದ್ದೇ. ಅಪ್ಪ ಮಾತು ಕೊಡುತ್ತಾನೆ, ಹುಡುಗಿ ತಲೆ ತಗ್ಗಿಸಿ ಹೊರಡುತ್ತಾಳೆ. ಆದರೆ ಅಂದು ಅಯ್ಯನೋರ ಬಾಯಿಂದ ಬಂದದ್ದೇ ಬೇರೆ: “ಆಗ ಆ ಕನ್ಯೆಯು ನುಡಿದಳು. ತಂದೆಯೇ, ಮಾತು ಕೊಟ್ಟವನು ನೀನು, ಬಾಳಬೇಕಾದವಳು ನಾನು. ನನ್ನನ್ನು ಕೇಳಿದೆಯಾ?”

ಹೆಂಗಸರು ಮುಖ ಮುಖ ನೋಡಿಕೊಂಡರು. ಪುರಾಣ ಕೇಳಿ ಬಂದಿದ್ದ ಅಪ್ಪ ಅಂದು ಸಂಜೆ ಚಹಾ ಕುಡಿಯುತ್ತ ಅವ್ವನಿಗೆ ಹೇಳಿದ: “ಪುರಾಣದಾಗೇ ಹಂಗ ಅದ ಅಂದಮ್ಯಾಲ ನಾ ಏನ್ ದೊಡ್ಡಾಂವ? ದಹಾವಿ ಪರೀಕ್ಷಾ ಮುಗೀಲಿ, ಆಮ್ಯಾಲ ನೋಡಮು.”

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಹಾ ಜಾಣೆ ನಾನು! ಆ ಮಾತನ್ನು ಬರೆದಿಟ್ಟುಕೊಳ್ಳಬೇಕೆಂದು ಮರು ಸೋಮವಾರ ಶಾಲೆಯ ವಹಿ ಹಿಡಿದು ಹೋದೆ. ಮಂಗಳಾರತಿ ಆದಮೇಲೆ ಎಲ್ಲರೆದುರು ಕೇಳಿದೆ: “ಅಯ್ಯನೋರೆ, ಆ ಹುಡುಗಿ ಮಾತು ಯಾವ ಪಾನದಾಗ ಅದ ರೀ?”

“ತೋರ್ಸು ಆಕಿಗಿ,” ಎಂದರು ಅಯ್ಯನೋರು, ಖುಷಿಯಿಂದ.

ಅಮ್ಮನೋರು ಪುಟ ತಿರುವಿದರು. ತಿರುವುತ್ತಲೇ ಇದ್ದರು… “ಆ ಪಾನ ಹರದು ಹೋಗ್ಯಾದವ್ವಾ,” ಎಂದರು ಕೊನೆಗೆ. ಅಪ್ಪ ಎದ್ದು ಪುಸ್ತಕ ಇಸಿದುಕೊಂಡ. ಪುಟದ ಅಂಕಿಗಳನ್ನು ಬೆರಳಿಟ್ಟು ನೋಡಿದ. ಒಂದು ಪುಟವೂ ಹರಿದಿರಲಿಲ್ಲ.

ಮುಂದಿನ ವಾರದಿಂದ ಅಯ್ಯನೋರ ತಮ್ಮ ಓದತೊಡಗಿದ. ಅಡುಗೆಮನೆಯ ಬಾಗಿಲು ಮುಚ್ಚಿತು. ನನ್ನ ಮದುವೆ ಮೊದಲು ಗೊತ್ತು ಮಾಡಿದ್ದ ದಿನವೇ ಆಯಿತು. ಅದರ ಹಿಂದಿನ ದಿನ ಹಿತ್ತಲ ಬಾಗಿಲಿನಿಂದ ಹೋಗಿ ಅಮ್ಮನೋರ ಕಾಲು ಹಿಡಿದೆ.

“ಬರಕೋಬೇಕಂತ ಬಂದಿದ್ದಿ, ಅದ್ರಾಗ ನಿಂದೇನ್ ತಪ್ಪದ?” ಎಂದರು. “ನಾನೇ ಬರದು ಇಡಬೇಕಾಗಿತ್ತು.”

ಈಗ ಪುಸ್ತಕದ ಅಂಚುಗಳನ್ನೆಲ್ಲ ಹುಡುಕಿದೆ. ಆಮೇಲಾದರೂ ಎಲ್ಲೋ ಬರೆದಿಟ್ಟಿರಬಹುದೆಂಬ ಆಸೆ. ಎಲ್ಲೂ ಏನೂ ಇಲ್ಲ.

ತುರೋರಿಯ ನಮ್ಮ ಓಣಿಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೇ ಈ ಶ್ರಾವಣದಲ್ಲಿ ಪುರಾಣ ಓದಲು ನನ್ನನ್ನೇ ಕೂರಿಸಿದರು. ಮೊಮ್ಮಗಳು ಮುಂದೆಯೇ ಕೂತಿದ್ದಳು. ಹನ್ನೆರಡನೆಯ ತರಗತಿ. ನಿಲಂಗಾದವರಿಗೆ ನನ್ನ ಮಗ ಅವಳ ಮದುವೆಯ ಮಾತು ಕೊಟ್ಟು ಬಂದು ಎಂಟು ದಿನವಾಗಿತ್ತು, ಹುಡುಗಿ ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ. ಸಾವುಕಾರನ ಮಗಳ ಕಥೆ ಬಂತು. ಆ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. ನಾನು ಏನು ಓದಿದರೂ ಪುಸ್ತಕ ಇಸಿದುಕೊಂಡು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಮಗನ ಮುಖ ನೋಡಿದೆ. ಹೆದರಿದೆ.

“ಕನ್ಯೆಯು ತಲೆ ತಗ್ಗಿಸಿ ಹೊರಟಳು,” ಎಂದು ಇದ್ದದ್ದನ್ನೇ ಓದಿದೆ.

“ಛಲೋ ಓದಿದಿ, ಅವ್ವಾ,” ಎಂದ ಮಗ.