ಎಡಕ್ಕೆ ಹೊರಟ ಕುರಿಗಾಹಿ

ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಎಡ ಅಂಗೈ ಮೇಲೆ ಇಷ್ಟಲಿಂಗ, ಬಲಗೈಯಲ್ಲಿ ನೀರಿನ ತಂಬಿಗೆ. ಅಂಗೈ ಹೊರಳಿತು. ನಾನು ಹೊರಳಿಸಲಿಲ್ಲ, ಅದೇ ಹೊರಳಿತು.

ಲಿಂಗ ಜಾರಿ ಮಡಿಲಿಗೆ ಬಿತ್ತು.

ನಾನು ಹುಟ್ಟಾ ಹೆದರುಪುಕ್ಕಲ. ತಲೆ ನೋವು ಬಂದರೆ ಮೆದುಳಿನ ಗಡ್ಡೆ, ಎದೆ ಉರಿದರೆ ಹಾರ್ಟ್ ಅಟ್ಯಾಕ್ ಎಂದು ಲೆಕ್ಕ ಹಾಕುತ್ತಲೇ ಐವತ್ತರ ಹತ್ತಿರ ಬಂದವನು. ಬರಬಹುದಾದ ರೋಗಗಳಿಗೆಲ್ಲ ಮನಸ್ಸಿನಲ್ಲಿ ಮಣೆ ಹಾಕಿಟ್ಟಿದ್ದೆ. ನಿಜವಾದದ್ದು ಬಂದಾಗ ಮಾತ್ರ ಅದು ರೋಗ ಎಂದೇ ಹೊಳೆಯಲಿಲ್ಲ. ಲಿಂಗ ಬಿದ್ದದ್ದೇ ದೊಡ್ಡದಾಯಿತು. ಹೆಂಡತಿ ಮಹಾದೇವಿ ಅಡುಗೆಮನೆಯಿಂದ ಓಡಿ ಬಂದಳು. ಇಬ್ಬರೂ ಗಾಬರಿಯಾಗಿ ಮೊದಲು ಫೋನ್ ಮಾಡಿದ್ದು ಡಾಕ್ಟರಿಗಲ್ಲ, ಮಠದ ಅಯ್ಯನವರಿಗೆ. ಲಿಂಗ ಬಿದ್ದರೆ ಪ್ರಾಯಶ್ಚಿತ್ತ ಏನು ಎಂದು ಕೇಳಲು.

“ಅಯ್ಯಾರ, ಲಿಂಗ ಜಾರಿ ಬಿತ್ರಿ,” ಎಂದೆ.

“ಲಿಂಗದ ಮಾತ ಆಮ್ಯಾಲ ನೋಡೂಣು. ನಿನ್ನ ನಾಲಗಿ ಯಾಕ ಹಂಗ ತೊದಲಾಕತ್ತೈತಿ? ಮಹಾದೇವಿ ಕೈಯಾಗ ಫೋನ್ ಕೊಡು,” ಎಂದರು ಅಯ್ಯನವರು. ಅವಳಿಗೆ ಹೇಳಿದ್ದು ಒಂದೇ ಮಾತು: “ಇವನ್ನ ಲಗೂನ ದವಾಖಾನಿಗೆ ಒಯ್ಯವ್ವಾ.”

ನಮ್ಮೂರು ಜತ್ತದ ಡಾಕ್ಟರು ಮುಖ ನೋಡಿದವರೇ ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಿಟಿ ಸ್ಕ್ಯಾನ್. ಐಸಿಯು. ನನ್ನ ಕಾಲಬಳಿ ನಿಂತು ಯಾರೋ ಯಾರಿಗೋ ಹೇಳುತ್ತಿದ್ದರು.

ಸ್ಟ್ರೋಕ್.

ಬಾಯಿ ಸರಿಹೋಯಿತು. ಕಾಲು ಎಳೆದುಕೊಂಡಾದರೂ ಬಂತು. ಎಡಗೈ ಮಾತ್ರ ಬರಲಿಲ್ಲ. ಯಾರದೋ ಸಾಮಾನನ್ನು ತಂದು ನನ್ನ ಹೆಗಲಿಗೆ ತೂಗುಹಾಕಿದ ಹಾಗೆ ಇತ್ತು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅದರ ಅರ್ಥ ತಿಳಿಯತೊಡಗಿತು. ನಮ್ಮದು ಪೇಟೆಯಲ್ಲಿ ಬಟ್ಟೆ ಅಂಗಡಿ. ಒಂದೇ ಕೈಯಲ್ಲಿ ಥಾನು ಬಿಚ್ಚಲಾಗುವುದಿಲ್ಲ, ಅಳೆಯಲಾಗುವುದಿಲ್ಲ. ಅಂಗಡಿಯನ್ನು ತಮ್ಮ ನೋಡಿಕೊಂಡಾನು. ಪೂಜೆಯನ್ನು ಯಾರು ನೋಡಿಕೊಳ್ಳಬೇಕು? ದಿನಾ ಬೆಳಿಗ್ಗೆ ಮಹಾದೇವಿ ಎದುರಿಗೆ ಕೂತು ನನ್ನ ಅಂಗೈ ಕೆಳಗೆ ತನ್ನ ಅಂಗೈ ಇಡುತ್ತಿದ್ದಳು. ಅವಳ ಕೈ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಲಿಂಗ. ಕಣ್ಣು ಲಿಂಗದ ಮೇಲಿದ್ದರೂ ನನ್ನ ಧ್ಯಾನವೆಲ್ಲ ಒಂದೇ: ಈ ಕೈ ತಿರುಗಿ ಬರುತ್ತದೆಯೋ ಇಲ್ಲವೋ.

ಫಿಜಿಯೋಥೆರಪಿಯ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟು ಹಿಚುಕಲು ಹೇಳಿದರು. ಹಿಚುಕಿದೆ. ಅಂದರೆ ಹಿಚುಕುತ್ತಿದ್ದೇನೆ ಎಂದು ನಾನು ಅಂದುಕೊಂಡೆ. ಚೆಂಡಿಗೆ ಅದರ ಸುದ್ದಿ ಮುಟ್ಟಲಿಲ್ಲ. ಬೇಸರಕ್ಕೆ ಬಿಟ್ಟುಬಿಟ್ಟೆ. ಆಗ ಮಗಳು ಅಶ್ವಿನಿ ಬಂದಳು. ಸಾಂಗ್ಲಿಯಲ್ಲಿ ಫಾರ್ಮಸಿ ಓದುತ್ತಾಳೆ. ಬ್ಯಾಗಿನಿಂದ ತನ್ನ ಆಟದ ಯಂತ್ರ ತೆಗೆದು ನನ್ನ ತೊಡೆ ಮೇಲೆ ಇಟ್ಟಳು. ನಡುವೆ ಪರದೆ, ಬಲಗಡೆ ಗುಂಡಿಗಳು, ಎಡಗಡೆ ಹೆಬ್ಬೆರಳಿಂದ ತಿರುಗಿಸುವ ಒಂದು ಗಿಡ್ಡ ಕಡ್ಡಿ.

“ಪಪ್ಪಾ, ಚೆಂಡ ಬ್ಯಾಡ ಅಂದ್ರ ಇದನ್ನ ಹಿಡೀರಿ. ಎಡಗೈ ಇಲ್ದ ಇದು ನಡ್ಯೂದಿಲ್ಲ.”

“ಈ ವಯಸ್ಸಿನ್ಯಾಗ ನಾ ಇದನ್ನ ಆಡ್ಲೇನವ್ವಾ? ಮಂದಿ ಏನಂದಾರು?”

“ಮಂದಿ ಬಂದು ಚೆಂಡ ಹಿಚಕ್ತಾರೇನು?”

ಮೇಡಂ ಕೂಡ ಆಡಿಸಿ ಎಂದರು. ಹೀಗೆ ನಾನು ಕುರಿ ಕಾಯಲು ಶುರುಮಾಡಿದೆ. ಆಟ ಇಷ್ಟೇ: ಒಬ್ಬ ಪುಟ್ಟ ಕುರಿಗಾಹಿ, ಹಿಂದೆ ಕುರಿಗಳು, ಮುಂದೆ ಹೊಳೆ, ಹೊಳೆಗೆ ಹಲಗೆಯ ಸೇತುವೆ. ಎಡ ಹೆಬ್ಬೆರಳು ಅವನನ್ನು ನಡೆಸಬೇಕು. ನನ್ನ ಕುರಿಗಾಹಿ ನಡೆಯಲೇ ಇಲ್ಲ. ದಂಡೆಯಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದ.

ಯಂತ್ರಕ್ಕಿಂತ ಅದರ ಬಳಗ ದೊಡ್ಡದು. ಹಿಡಿಕೆಯ ಕವಚ, ಕಡ್ಡಿಯ ಮೇಲೆ ಹಾಕುವ ರಬ್ಬರ್ ಟೊಪ್ಪಿಗೆ, ಮಣಿಕಟ್ಟಿನ ಪಟ್ಟಿ, ಪರದೆಯ ಗಾಜು, ಮನೆಯಲ್ಲಿರುವ ಯಾವ ಚಾರ್ಜರ್ ಜೊತೆಗೂ ಹೊಂದದ ಅದರದೇ ಚಾರ್ಜರ್, ಕರೆಂಟು ಹೋದಾಗ ಪವರ್ ಬ್ಯಾಂಕ್. ಎಲ್ಲವನ್ನೂ ಇಡಲು ಒಂದು ಗಟ್ಟಿ ಚೀಲ. ಅದರ ಜಿಪ್ ತೆಗೆಯಲು ಎರಡು ಕೈ ಬೇಕು. ಎರಡು ಕೈ ನೆಟ್ಟಗಿದ್ದವನು ಫಿಜಿಯೋಥೆರಪಿಗೆ ಯಾಕೆ ಹೋಗುತ್ತಾನೆ? ಇದನ್ನು ಮಾಡಿದವರ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲವೆಂದು ಕಾಣುತ್ತದೆ. ಆಗಬಾರದು ಕೂಡ, ಆದರೂ ಸಿಟ್ಟು ಬರುತ್ತದೆ. ಹಲ್ಲಿನಿಂದ ಜಿಪ್ ಕಚ್ಚಿ ಎಳೆಯುವುದನ್ನು ಕಲಿತೆ.

ಆಮೇಲೆ ನೋಡಲು ಬರುವವರು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಎಂದರೆ ಬಿಸ್ಕೀಟು ಪುಡಿಕೆ ಹಿಡಿದು ನೋಡಿಬರಲೇಬೇಕು, ಬಂದವರು ಒಂದು ಕಾರಣ ಹೇಳಿ ಹೋಗಲೇಬೇಕು. ತಿಕೋಂಡಿಯಿಂದ ನನ್ನ ಸೋದರಮಾವ ಬಂದರು. ನನ್ನ ಕೈಯಲ್ಲಿದ್ದ ಯಂತ್ರ ನೋಡಿದರು. ಕಾರಣ ಸಿಕ್ಕಿತು.

“ಇದನ್ನ ಆಡಿ ಆಡಿ ಕೈ ಹೋತೇನೋ?”

“ಇಲ್ಲ ಮಾಮಾ, ಕೈ ಹೋದಮ್ಯಾಲ ಇದು ಬಂತು.”

“ಅದಽ ಹೇಳಾಕತ್ತೀನಿ. ಈ ಆಟಗೋಳು ನರಕ್ಕ ಹೊಕ್ಕಾವು.”

ಮಾವನ ಬಾಯಿಯಿಂದ ಹೊರಟದ್ದು ಸನಮಡಿಯ ಬೀಗರನ್ನು ಮುಟ್ಟಿತು, ಶೇಗಾಂವದ ಗಿರಾಕಿಗಳನ್ನು ಮುಟ್ಟಿತು. ಅಂಗಡಿಯಲ್ಲಿ ತಮ್ಮನ ಮುಂದೆ ಒಬ್ಬಾಕೆ ಸೀರೆ ಆರಿಸುತ್ತ, “ನಿಮ್ಮ ಅಣ್ಣಾವ್ರು ವಿಡಿಯೋ ಗೇಮಿಗೆ ಕೈ ಕಳ್ಕೊಂಡ್ರಂತಲ್ರಿ” ಎಂದಳಂತೆ. ಬಿಪಿ ಗುಳಿಗೆ ನುಂಗಿಕೊಂಡು ಮಲಗಿದ್ದವನ ಬಿಪಿ ಏರಿದ್ದು ಆ ದಿನ. ರೋಗ ಬಂದದ್ದು ನನ್ನ ತಪ್ಪಲ್ಲ ಎಂದು ಡಾಕ್ಟರು ಹೇಳಿದ್ದರು. ಊರು ಅದನ್ನು ನನ್ನ ತಪ್ಪು ಮಾಡಿತು. ಅದೂ ಹಿಂದು ಮುಂದು ಮಾಡಿ. ಹಾಸಿಗೆ ಹಿಡಿದವನ ಬಗ್ಗೆ ಹೀಗೆ ಸುಳ್ಳು ಹಬ್ಬಿಸಲು ಇವರಿಗೆ ಏನು ಹಕ್ಕಿದೆ? ಸಿಟ್ಟು ಬಂದಷ್ಟೂ ಆಡಿದೆ.

ಸಿಟ್ಟಿಗೋ, ಅಭ್ಯಾಸಕ್ಕೋ, ಹೆಬ್ಬೆರಳು ಮಿಸುಕಿತು. ಕುರಿಗಾಹಿ ಒಂದು ಹೆಜ್ಜೆ ಇಟ್ಟ. ಎಷ್ಟೋ ದಿನಗಳ ಮೇಲೆ ಅರ್ಧ ಸೇತುವೆ, ಆಮೇಲೆ ಪೂರ್ತಿ ಸೇತುವೆ. ಕುರಿಗಳೆಲ್ಲ ದಾಟಿದ ಸಂಜೆ ಮಹಾದೇವಿಯನ್ನು ಕರೆದು ತೋರಿಸಿದೆ. “ಎಲ್ಲಾ ದಾಟ್ಯಾವಲ್ರಿ?” ಎಂದು ಅವಳು ಕುರಿ ಎಣಿಸಿದಳು.

ಹಾಗಿದ್ದಾಗ ಒಂದು ಮಧ್ಯಾಹ್ನ ಕುರಿಗಾಹಿ ಎಡಕ್ಕೆ ಹೋದ.

ನಾನು ನೇರ ನಡೆಸುತ್ತಿದ್ದೆ. ಅವನು ಎಡಕ್ಕೆ ಸರಿದು ಹೊಳೆಗೆ ಬಿದ್ದ. ಮತ್ತೆ ನಡೆಸಿದೆ, ಮತ್ತೆ ಎಡಕ್ಕೆ. ಹೆಬ್ಬೆರಳು ಕಡ್ಡಿಯ ಮೇಲೆಯೇ ಇತ್ತು. ನಾನು ಎಡಕ್ಕೆ ಒತ್ತುತ್ತಿರಲಿಲ್ಲ, ಆದರೂ ಅದು ಒತ್ತುತ್ತಿತ್ತು. ನನಗೆ ತಿಳಿಯದಂತೆ ನನ್ನ ಕೈ ಎಡಕ್ಕೆ ಹೊರಳುತ್ತಿದೆ. ಪೂಜೆಯಲ್ಲಿ ಆದದ್ದೂ ಇದೇ ಅಲ್ಲವೇ?

“ಮಹಾದೇವಿ, ಮತ್ತ ಬಂತು,” ಎಂದೆ.

ಅವಳು ಈ ಸಲ ಅಯ್ಯನವರಿಗೆ ಫೋನ್ ಮಾಡಲಿಲ್ಲ, ಅಂಗಡಿಗೆ ಮಾಡಿದಳು. ತಮ್ಮ ಗಾಡಿ ತಂದ. ಮಿರಜ ಬರುವವರೆಗೆ ಯಂತ್ರವನ್ನು ಎದೆಗೆ ಅವಚಿಕೊಂಡಿದ್ದೆ, ಡಾಕ್ಟರಿಗೆ ಸಾಕ್ಷಿ ತೋರಿಸಬೇಕಲ್ಲ. ಅವಳು ದಾರಿಯುದ್ದಕ್ಕೂ ನನ್ನ ಎಡಗೈ ಬಿಡಲಿಲ್ಲ. ನಾನು ಸಾಯುವುದನ್ನು ಬಹಳ ಸಲ ಊಹಿಸಿಕೊಂಡವನು. ಆದರೆ ಬಂದ ಅರ್ಧ ಕೈಯೂ ಹೋಗುವುದನ್ನು ಊಹಿಸಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಸ್ಕ್ಯಾನ್ ಮಾಡಿದರು. ಹೊಸದೇನೂ ಇರಲಿಲ್ಲ. ಡಾಕ್ಟರು ಬೆಳಗಾವಿ ಕಡೆಯವರು, ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬರುವವರು. ಏನಾಯಿತು ತೋರಿಸಿ ಎಂದರು. ತೋರಿಸಿದೆ, ಕುರಿಗಾಹಿ ಎಡಕ್ಕೆ ಹೊರಟ. ಡಾಕ್ಟರು ನನ್ನ ಕೈಯಿಂದ ಯಂತ್ರ ತೆಗೆದುಕೊಂಡು ಮೇಜಿನ ಮೇಲೆ ಇಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತರು.

ಯಾರೂ ಮುಟ್ಟದ ಯಂತ್ರದಲ್ಲಿ ಕುರಿಗಾಹಿ ಸಾವಕಾಶ ಎಡಕ್ಕೆ ನಡೆದು ಹೊಳೆಗೆ ಬಿದ್ದ.

“ನಿಮಗ ಏನೂ ಆಗಿಲ್ರಿ. ಸ್ಟ್ರೋಕ್ ಇದಕ್ಕ ಆಗೈತಿ,” ಎಂದರು.

ನರ್ಸು ನಕ್ಕಳು. ತಮ್ಮ ನಕ್ಕ. ಫೋನಿನಲ್ಲಿ ಅಶ್ವಿನಿ, “ಅಯ್ಯ ಪಪ್ಪಾ, ಅದು ಡ್ರಿಫ್ಟ್. ಕಡ್ಡಿ ಸವದ್ರ ಹಂಗಽ ಆಕ್ಕೈತಿ, ಎಲ್ಲಾರಿಗೂ ಗೊತ್ತೈತಿ,” ಎಂದಳು. ಎಲ್ಲರಿಗೂ ಗೊತ್ತಿದ್ದರೆ ನನಗೇಕೆ ಯಾರೂ ಹೇಳಲಿಲ್ಲ? ಬಳಗದಷ್ಟು ಸಾಮಾನು ಮಾರುವವರಿಗೆ ಎಡಗಡೆಯ ಒಂದು ಕಡ್ಡಿ ನೆಟ್ಟಗೆ ಮಾಡಲು ಬರುವುದಿಲ್ಲವೇ? ನಾನು ಸಾಯುತ್ತೇನೆಂದು ಹೆಂಡತಿ ಗಾಡಿಯಲ್ಲಿ ಅತ್ತದ್ದಕ್ಕೆ ಯಾರನ್ನು ಕೇಳಬೇಕು? ಇದನ್ನೆಲ್ಲ ಡಾಕ್ಟರನ್ನೇ ಕೇಳಿದೆ, ಜೋರಾಗಿಯೇ ಕೇಳಿದೆ. ಅವರು ಪರೀಕ್ಷೆಗೆಂದು ಎರಡು ಬೆರಳು ಮುಂದೆ ಮಾಡಿ, ಎಡಗೈಯಿಂದ ಹಿಡಿಯಲು ಹೇಳಿದರು. ಹಿಡಿದು ಮಾತು ಮುಂದುವರಿಸಿದೆ.

“ಸಾಕ್ರಿ, ಬಿಡ್ರಿ ಇನ್ನ,” ಎಂದರು ಡಾಕ್ಟರು. “ನನಗ ಬ್ಯಾರೆ ಪೇಷಂಟ್ ಅದಾರ.”

ಬಿಡುವ ಮೊದಲು ನೋಡಿಕೊಂಡೆ. ಅವರ ಬೆರಳ ತುದಿ ಬೆಳ್ಳಗಾಗಿತ್ತು.

ಮರುದಿನ ಪೂಜೆಯಲ್ಲಿ ಮಹಾದೇವಿಗೆ, “ಕೈ ತಗಿ, ನೋಡೂಣು,” ಎಂದೆ. ಅವಳು ತೆಗೆಯಲು ಮನಸ್ಸಿಲ್ಲದೆ ತೆಗೆದಳು. ಲಿಂಗ ನಡುಗಿತು, ನಿಂತಿತು. ಪತ್ರಿ ಏರಿಸುವವರೆಗೆ ತಡೆದೆ. ಆಮೇಲೆ ತೋಳು ಸೋತು “ಹಿಡಿ” ಎಂದೆ, ಅವಳು ಹಿಡಿದಳು. ಈಗ ದಿನವೂ ಹೀಗೆಯೇ, ಸ್ವಲ್ಪ ನಾನೊಬ್ಬನೇ, ಉಳಿದದ್ದು ಇಬ್ಬರೂ. ಯಂತ್ರವನ್ನು ಹೊಸ ಕಡ್ಡಿ ಹಾಕಿಸಲು ರಜೆಗೆ ಬಂದ ಅಶ್ವಿನಿ ಸಾಂಗ್ಲಿಗೆ ಒಯ್ದಳು.

ಅದು ಮನೆಯಲ್ಲಿ ಇಲ್ಲದ ವಾರದಲ್ಲೇ ಮಾವ ಮತ್ತೆ ಬಂದರು. ನನ್ನ ಕೈ ಆಡುವುದನ್ನು ಕಂಡರು. ಸುತ್ತ ನೋಡಿದರು.

“ಆ ಡಬ್ಬಿ ಎಲ್ಲೈತೋ?”

“ಇಲ್ಲ ಮಾಮಾ, ಕಳಿಸೀನಿ.”

“ನೋಡು. ಅದನ್ನ ಬಿಟ್ಟಿ, ಕೈ ಬಂತು. ನಾ ಆವತ್ತಽ ಹೇಳಿದ್ನಿಲ್ಲೋ?”

ಬಾಯಿ ತುಂಬ ಉತ್ತರ ಬಂತು. ಅಷ್ಟರಲ್ಲಿ ಮಹಾದೇವಿ ಚಹಾ ತಂದು ನನ್ನ ಪಕ್ಕದಲ್ಲಿ ಇಟ್ಟಳು. ಉತ್ತರ ನುಂಗಿ, ಎಡಗೈಯಿಂದ ಕಪ್ಪು-ಬಸಿ ಎತ್ತಿದೆ. ಬಲಗೈಯನ್ನು ಬೇಕೆಂದೇ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಬಸಿಯಲ್ಲಿ ಕಪ್ಪು ಗಡಗಡ ಸದ್ದು ಮಾಡುತ್ತ ಮಾವನ ತನಕ ಹೋಯಿತು.

“ಹಿರ್ಯಾರಿಗೆ ಎಡಗೈಲೆ ಕೊಡ್ತಿಯೇನೋ?” ಎಂದರು ಮಾವ.

“ಹೂಂ ಮಾಮಾ. ಎಡಗೈಲೇ.”

ಮಾವ ನನ್ನ ಕೈ ನೋಡಿದರು. ಕೈ ಚಾಚಿ ತೆಗೆದುಕೊಂಡರು. ಚಹಾ ಸ್ವಲ್ಪ ಬಸಿಗೆ ಚೆಲ್ಲಿತ್ತು. ಮೊದಲು ಅದನ್ನೇ ಕುಡಿದರು.