ನಾಲ್ಕನೆಯ ಪ್ಲಗ್

ನಾನು ಫಿಟ್ಟರ್. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಬಿಟ್ಟರೆ ಬೇರೇನನ್ನೂ ನಂಬದೆ ಮೂವತ್ತು ವರ್ಷ ದುಡಿದವನು. ಇದನ್ನು ಓದಿ ಕತೆ ಕಟ್ಟುತ್ತಾನೆ ಎಂದುಕೊಂಡರೆ ನನಗೆ ಬೇಸರವಿಲ್ಲ. ಆದರೆ ನನ್ನ ಹೆಂಡತಿ ಶಾಂತಾಳ ಮುಂದೆ ಮಾತ್ರ ಹಾಗೆ ಅನ್ನಬೇಡಿ. ಆ ರಾತ್ರಿ ನನಗಿಂತ ಹೆಚ್ಚು ನೋಡಿದವಳು ಅವಳು.

ಎಂಬತ್ತರ ದಶಕದ ಮೊದಲ ವರ್ಷಗಳು. ಗದಗಿನಿಂದ ಹೋದ ನನಗೆ ನಾಗಪುರದ ಹತ್ತಿರದ ಕಳಮೇಶ್ವರದ ಒಂದು ಕಾರ್ಖಾನೆಯಲ್ಲಿ ಕೆಲಸ. ವಾಸ ಊರೊಳಗಿನ ಬಜಾಜ್ ನಗರದಲ್ಲಿ, ವಾನಖೇಡೆ ಕಾಕಾ ಎಂಬ ಒಬ್ಬಂಟಿ ಮುದುಕರ ಮನೆಯ ಮಾಳಿಗೆಯ ಮೇಲೆ. ಶಾಂತಾಗೆ ಆಗ ಒಂಬತ್ತು ತಿಂಗಳು. ತವರಿಗೆ ಕಳಿಸೋಣವೆಂದರೆ ಡಾಕ್ಟರು ರೈಲು ಪ್ರಯಾಣ ಬೇಡ ಎಂದಿದ್ದರು. ನನ್ನ ಬಳಿ ಇದ್ದದ್ದು ಒಂದು ಸೈಕಲ್ಲು. ಅಪರಾತ್ರಿಯಲ್ಲಿ ನೋವು ಬಂದರೆ ಆಸ್ಪತ್ರೆಗೆ ಹೇಗೆ ಕರೆದೊಯ್ಯುವುದು... ಅದೇ ಚಿಂತೆ.

ನನ್ನ ಪೇಚಾಟ ಕಂಡು ಕಾಕಾ ಹಿತ್ತಲಿನ ಶೆಡ್ಡಿನ ಕೀಲಿ ಕೊಟ್ಟರು. ಒಳಗೆ ಹಳೆಯ ಅಂಬಾಸಿಡರ್ ಇತ್ತು.

"ಛೇ ಸಾಲ್ ಸೇ ಖಡೀ ಹೈ, ಬೇಟಾ. ಚಾಲೂ ಹುಯೀ ತೋ ಲೇ ಜಾ," ಎಂದರು. ಚಾಲೂ ಆದರೆ ಒಯ್ಯಿ ಎಂದು ಕೀಲಿ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಆರು ವರ್ಷ ನಿಂತ ಗಾಡಿ. ಬ್ಯಾಟರಿಯನ್ನು ಎಂದೋ ಬಿಚ್ಚಿ ಒಯ್ದಿದ್ದರು. ಆ ಜಾಗದಲ್ಲಿ ಇಲಿ ಗೂಡು ಕಟ್ಟಿತ್ತು. ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳು ತುಕ್ಕು ಹಿಡಿದು ಎಂಜಿನ್ನಿಗೇ ಅಂಟಿಕೊಂಡಿದ್ದವು. ಅವನ್ನು ತೆಗೆಯದೆ ಮುಂದಿನ ಕೆಲಸವಿಲ್ಲ. ಜೋರು ಮಾಡಿದರೆ ಪ್ಲಗ್ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಬುಡಕ್ಕೆ ಸೀಮೆಎಣ್ಣೆ ಬಿಟ್ಟು ಒಂದು ದಿನ ನೆನೆಯಲು ಬಿಟ್ಟೆ.

ಮರುದಿನ ರಾತ್ರಿ ಎಂಟರ ಸುಮಾರಿಗೆ ಶೆಡ್ಡಿಗೆ ಇಳಿದೆ. ನಾಗಪುರದ ಮೇ ತಿಂಗಳು; ಹಗಲಿನಲ್ಲಿ ಆ ತಗಡಿನ ಕೆಳಗೆ ನಿಲ್ಲುವುದು ಸಾಧ್ಯವೇ ಇರಲಿಲ್ಲ. ಪಕ್ಕದ ಮನೆಗಳ ಕೂಲರುಗಳು ಗುಂಯ್ ಎನ್ನುತ್ತಿದ್ದವು. ಅವುಗಳಲ್ಲಿ ತುಂಬಿದ ಒದ್ದೆ ಹುಲ್ಲಿನ ವಾಸನೆ ಶೆಡ್ಡಿನವರೆಗೂ ಬರುತ್ತಿತ್ತು. ಬಾನೆಟ್ ಎತ್ತಿ, ಟಾರ್ಚ್ ಕಟ್ಟಿ, ಪ್ಲಗ್ ಬಿಚ್ಚುವ ಪಾನಾ ಹಾಕಿದೆ. ಕೂದಲೆಳೆಯಷ್ಟು ಸಡಿಲಿಸುವುದು, ಮತ್ತೆ ಬಿಗಿಯುವುದು, ನಾಲ್ಕು ಹನಿ ಎಣ್ಣೆ, ಮತ್ತೆ ಸಡಿಲಿಸುವುದು... ಒಂದೂವರೆ ತಾಸಿನಲ್ಲಿ ಮೂರು ಪ್ಲಗ್ ಹೊರಗೆ ಬಂದವು.

ನಾಲ್ಕನೆಯದಕ್ಕೆ ಪಾನಾ ಹಾಕಿದಾಗ ಕರೆಂಟು ಹೋಯಿತು.

ಕೂಲರುಗಳೆಲ್ಲ ಒಮ್ಮೆಲೇ ನಿಂತವು. ಆ ಮೌನ ಕಿವಿಗೆ ಒತ್ತಿದಂತಾಯಿತು. ಟಾರ್ಚಿನ ಬೆಳಕಿನಲ್ಲೇ ಪಾನಾ ತಿರುಗಿಸಿದೆ. ಕಿರ್... ಎಂದು ಕಾಲು ಸುತ್ತು ಸಡಿಲಾಯಿತು. ಬೆವರು ಒರೆಸಿಕೊಳ್ಳಲು ಕೈ ಬಿಟ್ಟೆ.

ಪಾನಾದ ಹಿಡಿಕೆ ನಿಧಾನಕ್ಕೆ ಬಲಕ್ಕೆ ತಿರುಗಿತು. ತಾನಾಗಿಯೇ. ಯಾರೋ ಒಳಗಿನಿಂದ ಪ್ಲಗ್ಗನ್ನು ಮತ್ತೆ ಬಿಗಿದುಕೊಂಡ ಹಾಗೆ...

ಕಣ್ಣಿನ ಭ್ರಮೆ ಎಂದುಕೊಂಡು ಪ್ಲಗ್ ಮುಟ್ಟಿದೆ. ಚಟ್ಟನೆ ಕೈ ಹಿಂದಕ್ಕೆಳೆದೆ. ಸುಡುತ್ತಿತ್ತು! ಆಗಷ್ಟೇ ದೂರದ ಊರಿಂದ ಓಡಿ ಬಂದ ಗಾಡಿಯ ಪ್ಲಗ್ಗಿನಂತೆ. ಪಕ್ಕದ ಎಂಜಿನ್ ಮೈ ಮಾತ್ರ ತಣ್ಣಗಿತ್ತು.

ಆಗ ಮಣಿಕಟ್ಟಿಗೆ ಬೆಚ್ಚನೆಯ ಗಾಳಿ ತಾಗಿತು. ಖಾಲಿಯಾದ ಮೂರನೆಯ ತೂತಿನಿಂದ ಫುಸ್... ಎಂದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಫುಸ್... ಎಂಜಿನ್ ತಿರುಗಿದರೆ ಮಾತ್ರ ಹಾಗೆ ಗಾಳಿ ಬರುತ್ತದೆ. ಟಾರ್ಚ್ ಬಿಚ್ಚಿಕೊಂಡು, ಎಂಜಿನ್ನಿನ ಜೊತೆಗೇ ತಿರುಗುವ ಮುಂದಿನ ಫ್ಯಾನಿನ ಮೇಲೆ ಬೆಳಕು ಬಿಟ್ಟೆ. ಅದು ಅಲುಗಾಡದೆ ನಿಂತಿತ್ತು.

ಅಷ್ಟರಲ್ಲಿ ಬಾನೆಟ್ಟಿನ ಆಚೆ, ಗಾಡಿಯ ಒಳಗಿನಿಂದ, ಬಳೆಯ ಸದ್ದು.

ಓಡಿ ಹೋಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಶಾಂತಾ ಕುಳಿತಿದ್ದಳು. ಆಸ್ಪತ್ರೆಗೆಂದು ಕಟ್ಟಿಟ್ಟ ಬಟ್ಟೆಯ ಚೀಲ ತೊಡೆಯ ಮೇಲೆ. ಕಣ್ಣು ಮುಂದಿನ ಸೀಟಿನ ಮೇಲೆ.

"ಶಾಂತಾ! ಇಲ್ಲಿ ಏನ್ ಮಾಡಾಕತ್ತಿ?"

ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. ಟಾರ್ಚಿನ ಬೆಳಕಿನಲ್ಲಿ ನನ್ನನ್ನೂ, ಮುಂದಿನ ಖಾಲಿ ಸೀಟನ್ನೂ ಎರಡೆರಡು ಸಲ ನೋಡಿದಳು.

"ನೀವ... ನೀವ ಕರದ್ರಲ್ಲ... ಗಾಡಿ ಚಾಲೂ ಆಗಿತ್ತು..."

ಮಾತು ಬೆಳೆಸದೆ ಅವಳನ್ನು ಇಳಿಸಿ, ಅರ್ಧ ಎತ್ತಿಕೊಂಡೇ ಮೆಟ್ಟಿಲಿನತ್ತ ನಡೆದೆ. ಮಾಳಿಗೆ ಹತ್ತಿ, ಬಾಗಿಲು ಹಾಕಿ, ನೀರು ಕುಡಿಸಿದ ಮೇಲೆ ಪಿಸುಗುಟ್ಟಿದಳು.

"ಗಾಡಿ ಸದ್ದು ಕೇಳಿ ಖಿಡಕಿಗೆ ಬಂದೆ. ಕೆಳಗಿಂದ ನಿಮ್ಮ ದನಿ. 'ಚಲ್ ಲವಕರ್, ವೇಳ್ ನಾಹೀ' ಅಂತ. ಇವರು ಯಾಕ ಮರಾಠಿಯೊಳಗ ಕರೀತಾರ ಅನಿಸ್ತು. ಜಲ್ದಿ ಬಾ, ಟೈಮ್ ಇಲ್ಲ ಅಂದ್ರ ಯಾರಿಗೆ ಏನಾತೋ ಅಂತ ಇಳಿದು ಬಂದೆ."

"ಮುಂದ?"

"ಹಿಂದಿನ ಬಾಗಿಲಾ ತಗದಿತ್ತು. ಮುಂದ ಸ್ಟೇರಿಂಗ್ ಹಿಡಕೊಂಡು ನೀವು ಕುಂತಿದ್ರಿ. ನಿಮ್ಮ ಬೆನ್ನು ನನಗ ಗೊತ್ತಿಲ್ಲೇನ್ರಿ?" ಅವಳ ದನಿ ಇನ್ನೂ ತಗ್ಗಿತು. "ಬಾನೆಟ್ ಹತ್ತರ ಯಾರೋ ಟಾರ್ಚ್ ಹಿಡಕೊಂಡು ನಿಂತಿದ್ದ. ಅವನ್ನ ನೋಡಿ ನಾ ಅಂಜಿದ್ದು..."

ಬಾನೆಟ್ ಹತ್ತಿರ ನಿಂತಿದ್ದವನು ನಾನು.

ಬೆಳಿಗ್ಗೆ ಕಾಕಾಗೆ ಎಲ್ಲವನ್ನೂ ಹೇಳಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಚೌಥಾ ನಿಕಲಾ ಕ್ಯಾ?"

ನಾಲ್ಕನೆಯದು ಬರಲಿಲ್ಲ ಎಂದೆ. ಅವರು ದೀರ್ಘವಾಗಿ ಉಸಿರು ಬಿಟ್ಟರು. "ಬರಂ ಝಾಲಂ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಒಳ್ಳೆಯದೇ ಆಯಿತು ಎನ್ನುವಂತೆ.

ನನಗೆ ಸಿಟ್ಟು ಬಂತು. ಬಸುರಿ ಹೆಂಗಸು ಇರುವ ಮನೆ ಎಂದು ಗೊತ್ತಿದ್ದೂ ಕೀಲಿ ಯಾಕೆ ಕೊಟ್ಟಿರಿ ಎಂದು ಹಿಂದಿಯಲ್ಲೇ ಗದರಿದೆ. ಅವರು ತಲೆ ತಗ್ಗಿಸಿದರು.

"ಮುಝೇ ಲಗಾ... ಅಬ್ ತಕ್ ಚಲಾ ಗಯಾ ಹೋಗಾ."

ಇಷ್ಟರಲ್ಲಿ ಹೊರಟು ಹೋಗಿರಬಹುದು ಅಂದುಕೊಂಡಿದ್ದರಂತೆ. ಯಾರು? ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಎದ್ದು ಹೋಗಿ ಶೆಡ್ಡಿಗೆ ಎರಡು ಬೀಗ ಜಡಿದರು.

ಮನೆ ಬದಲಿಸಲು ಓಡಾಡುತ್ತಿರುವಾಗಲೇ, ಹತ್ತನೆಯ ದಿನ, ಬೆಳಗಿನ ಜಾವ ನಾಲ್ಕಕ್ಕೆ ಶಾಂತಾಗೆ ನೋವು ಬಂತು. ಮೂಲೆಯ ಚೌಕಕ್ಕೆ ಓಡಿ ಮಲಗಿದ್ದ ಸೈಕಲ್ ರಿಕ್ಷಾದವನನ್ನು ಎಬ್ಬಿಸಿ ಕರೆತಂದೆ. ಶಾಂತಾಳನ್ನು ಹತ್ತಿಸಿ ನಾನೂ ಪಕ್ಕದಲ್ಲಿ ಕುಳಿತೆ. ರಿಕ್ಷಾದವನು ಪೆಡಲಿನ ಮೇಲೆ ಕಾಲಿಟ್ಟವನು ಹಾಗೇ ನಿಂತ. ಹಿತ್ತಲಿನ ಕಡೆ ಕಿವಿಗೊಟ್ಟ.

"ಸಾಬ್, ಅಂದರ್ ಗಾಡಿ ಚಾಲೂ ಹೈ ನಾ? ಫಿರ್ ರಿಕ್ಷಾ ಕಾಯ್ಕೂ?"

ಒಳಗೆ ಗಾಡಿ ಚಾಲೂ ಇರುವಾಗ ರಿಕ್ಷಾ ಯಾಕೆ ಎಂದು ಅವನು ಸಹಜವಾಗಿಯೇ ಕೇಳಿದ್ದ. ಶಾಂತಾ ನನ್ನ ಕೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. "ಹೋಗ್ರಿ... ತಿರುಗಿ ನೋಡಬ್ಯಾಡ್ರಿ," ಎಂದಳು. ಅವಳಿಗೂ ಕೇಳಿಸುತ್ತಿತ್ತು.

ಸೂರ್ಯ ಹುಟ್ಟುವ ಹೊತ್ತಿಗೆ ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಆ ಮನೆಗೆ ನಾವು ಮತ್ತೆ ಕಾಲಿಡಲಿಲ್ಲ.

ಆ ರಿಕ್ಷಾದಲ್ಲಿ ಕುಳಿತು ನಾನೂ ಕಿವಿಗೊಟ್ಟಿದ್ದೆ. ಎಂಜಿನ್ನಿನ ಸದ್ದಿನಲ್ಲೇ ಬದುಕು ಕಳೆದವನು ನಾನು. ಆದರೆ ನನಗೊಬ್ಬನಿಗೇ ಏನೂ ಕೇಳಿಸಲಿಲ್ಲ. ಸ್ಟೇರಿಂಗ್ ಹಿಡಿದು ಕುಳಿತಿದ್ದ ಬೆನ್ನು ನನ್ನದೇ ಎಂದು ಶಾಂತಾ ಹೇಳಿದ್ದು ನೆನಪಾದರೆ, ಯಾಕೆ ಎಂದು ಯೋಚಿಸಲು ಇವತ್ತಿಗೂ ಧೈರ್ಯ ಸಾಲುವುದಿಲ್ಲ...